ಸೂಪರ್‌ಹೀರೋ ಕಾಮಿಕ್ಸ್: ಹೊಸಬರ ಕೈಗೆ ಮೊದಲು ಯಾವ ಪುಸ್ತಕ ಕೊಡಬೇಕು?

"ಕಾಮಿಕ್ಸ್ ಓದೋಣ ಅಂತಿದೀನಿ, ಯಾವುದರಿಂದ ಶುರು ಮಾಡಲಿ?" ಎಂದು ಯಾರಾದರೂ ಕೇಳಿದರೆ, ಓದಿ ಪಳಗಿದವರ ಬಾಯಲ್ಲಿ ಮೊದಲು ಬರುವ ಹೆಸರು 'ವಾಚ್‌ಮೆನ್'. ಕೇಳಿದವರು ಅದನ್ನು ತಂದು ಶ್ರದ್ಧೆಯಿಂದ ಎರಡು ಮೂರು ಅಧ್ಯಾಯ ಓದುತ್ತಾರೆ. ಆಮೇಲೆ ಪುಸ್ತಕ ಕಪಾಟು ಸೇರುತ್ತದೆ, ಕಾಮಿಕ್ಸ್ ತಮಗೆ ಹೇಳಿಸಿದ್ದಲ್ಲ ಎಂಬ ತೀರ್ಮಾನವೂ ಆಗಿಹೋಗುತ್ತದೆ. ಅಲನ್ ಮೂರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರ ಬಿಡಿಸಿದ, 1986–87ರಲ್ಲಿ 12 ಸಂಚಿಕೆಗಳಾಗಿ ಬಂದ ಆ ಕೃತಿ ಅದಕ್ಕೂ ಮುಂಚಿನ ಸುಮಾರು ಐವತ್ತು ವರ್ಷಗಳ ಸೂಪರ್‌ಹೀರೋ ಕಥೆಗಳ ಜತೆ ಜಗಳಕ್ಕೆ ನಿಂತಿದೆ. ಆ ಕಥೆಗಳಲ್ಲಿ ಒಂದನ್ನೂ ಓದದವರಿಗೆ ಜಗಳ ಯಾರ ಮೇಲೆ ಎಂದೇ ಗೊತ್ತಾಗುವುದಿಲ್ಲ.

ಮೊದಲ ಪುಸ್ತಕ ಶ್ರೇಷ್ಠವಾಗಿರಲೇಬೇಕು ಅಂತಿಲ್ಲ. ಕೇಳಿದವರ ರುಚಿಗೆ ಹೊಂದಬೇಕು, ಅದೊಂದರಲ್ಲೇ ಕಥೆ ಮುಗಿಯಬೇಕು, ಮುಗಿದಾಗ ಇನ್ನೊಂದು ಇದ್ದರೆ ಚೆನ್ನಾಗಿತ್ತು ಅನಿಸಬೇಕು. ಅಷ್ಟಾದರೆ ಸಾಕು.

ಹೆಜ್ಜೆ 1: ಹೆಸರು ಹೇಳುವ ಮುಂಚೆ ಕೇಳಬೇಕಾದ್ದು

"ನಿಮಗೆ ಯಾವ ಹೀರೋ ಇಷ್ಟ?" ಎಂದು ಕೇಳಿ ಪ್ರಯೋಜನವಿಲ್ಲ. ಹೊಸಬರು ಬ್ಯಾಟ್‌ಮ್ಯಾನ್ ಅನ್ನುತ್ತಾರೆ, ಬ್ಯಾಟ್‌ಮ್ಯಾನ್ ಹೆಸರಿನಲ್ಲಿ ಮಕ್ಕಳ ತಮಾಷೆಯಿಂದ ಹಿಡಿದು ರಕ್ತ ಸುರಿಯುವ ಕ್ರೈಮ್ ಕಥೆಯವರೆಗೆ ಎಲ್ಲವೂ ಇದೆ. ಅದರ ಬದಲು, ಈಚೆಗೆ ಇಷ್ಟಪಟ್ಟು ಪೂರ್ತಿ ಮುಗಿಸಿದ ಕಾದಂಬರಿ, ಸಿನಿಮಾ ಅಥವಾ ವೆಬ್ ಸರಣಿ ಯಾವುದು ಎಂದು ಕೇಳಿ. ಪತ್ತೇದಾರಿ ಹೇಳಿದರೆ ಒಂದು ದಾರಿ, ಸಂಸಾರದ ಕಥೆ ಹೇಳಿದರೆ ಇನ್ನೊಂದು ದಾರಿ. "ಪೂರ್ತಿ ಮುಗಿಸಿದ" ಎಂದು ಒತ್ತಿ ಕೇಳಬೇಕು. ಇಷ್ಟ ಎಂದು ಹೇಳಿಕೊಳ್ಳುವುದಕ್ಕೂ ನಿಜವಾಗಿ ಕೂತು ಮುಗಿಸುವುದಕ್ಕೂ ಅಂತರ ಇರುತ್ತದೆ.

ಎರಡನೆಯದು, ಚಿತ್ರಕಥೆಯ ಪುಟ ಓದಿ ರೂಢಿ ಇದೆಯೇ ಎಂಬುದು. ಚಿಕ್ಕಂದಿನಲ್ಲಿ ಯಾವುದೋ ಒಂದು ಚಿತ್ರಕಥೆ ಪುಸ್ತಕಕ್ಕೆ ಅಂಟಿಕೊಂಡಿದ್ದವರಾದರೆ ಕಣ್ಣು ತಾನಾಗಿ ಪುಟದ ಮೇಲೆ ಓಡಾಡುತ್ತದೆ. ಹಾಗಲ್ಲದಿದ್ದರೆ ವಿನ್ಯಾಸ ಸರಳವಾಗಿರುವ ಪುಸ್ತಕವೇ ಬೇಕು.

ಹಿಂಸೆಯ ಚಿತ್ರಗಳು ಅವರಿಗೆ ಎಷ್ಟರ ಮಟ್ಟಿಗೆ ಒಗ್ಗುತ್ತವೆ, ಓದುವುದು ಕಾಗದದಲ್ಲೋ ಪರದೆಯ ಮೇಲೋ ಎಂಬುದನ್ನೂ ಕೇಳಿಟ್ಟುಕೊಳ್ಳಿ. ಇಷ್ಟಕ್ಕೆ ಐದು ನಿಮಿಷ ಸಾಕು.

ಹೆಜ್ಜೆ 2: ಪುಸ್ತಕ ತೆರೆದು ಒಂದೇ ಒಂದು ಸಾಲು ಓದಿ

ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ಮೊದಲು ಬರುವುದು ಬಿಡಿ ಸಂಚಿಕೆಯಾಗಿ. ಜಾಹೀರಾತು ಬಿಟ್ಟರೆ ಕಥೆ 20ರಿಂದ 22 ಪುಟ, ಓದಲು ಕಾಲು ಗಂಟೆ. ಕುತೂಹಲದ ತುದಿಗೆ ತಂದು ನಿಲ್ಲಿಸಿ, ಮುಂದಿನದಕ್ಕೆ ಸಾಮಾನ್ಯವಾಗಿ ಒಂದು ತಿಂಗಳು ಕಾಯಿಸುತ್ತದೆ. ಹೊಸಬರಿಗೆ ಇದು ಬೇಡ. ಐದಾರು ಸಂಚಿಕೆ ಸೇರಿಸಿ ಕಟ್ಟಿದ ಸಂಕಲನವನ್ನು ಟ್ರೇಡ್ ಪೇಪರ್‌ಬ್ಯಾಕ್ ಅಥವಾ ಬರೀ ಟ್ರೇಡ್ ಅನ್ನುತ್ತಾರೆ. ಅದು 110ರಿಂದ 140 ಪುಟ ಇರುತ್ತದೆ, ಎರಡು ಗಂಟೆಯೊಳಗೆ ಮುಗಿಯುತ್ತದೆ. ಮೊದಲ ಪುಸ್ತಕಕ್ಕೆ ಹೇಳಿಮಾಡಿಸಿದ ಅಳತೆ ಇದು. ಆಮ್ನಿಬಸ್ ಎಂಬ ಆರುನೂರು, ಎಂಟುನೂರು, ಸಾವಿರ ಪುಟದ ದಪ್ಪ ಪುಸ್ತಕಗಳನ್ನು ಉಡುಗೊರೆ ಕೊಡುವ ಉತ್ಸಾಹ ಕೆಲವರಿಗಿದೆ. ಅದನ್ನು ಕೈಯಲ್ಲಿ ಹಿಡಿದು ಓದಲಾಗುವುದಿಲ್ಲ, ಮೇಜು ಬೇಕು. ಎರಡು ಪುಟ ಹರಡಿ ಬಿಡಿಸಿದ ಚಿತ್ರಗಳ ನಡುಭಾಗ ಬೈಂಡಿಂಗಿನ ಸಂದಿಯಲ್ಲಿ ಹೂತುಹೋಗುತ್ತದೆ. ಕಪಾಟಿನಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ.

ಡಿಸಿ ಪ್ರಕಾಶನ 2024ರಿಂದ ಕಾಂಪ್ಯಾಕ್ಟ್ ಎಂಬ ಸಣ್ಣ ಅಳತೆಯ ಮುದ್ರಣಗಳನ್ನು ತಂದಿದೆ. ಇವು ಕಾದಂಬರಿಯ ಗಾತ್ರದವು, ಅಗ್ಗವೂ ಹೌದು, ಹೆಚ್ಚಿನವುಗಳಲ್ಲಿ ಒಂದು ದೊಡ್ಡ ಕಥೆ ಒಂದೇ ಪುಸ್ತಕದಲ್ಲಿ ಸಿಗುತ್ತದೆ. ಆದರೆ ದೊಡ್ಡ ಪುಟಕ್ಕೆಂದು ಬಿಡಿಸಿದ್ದನ್ನು ಕುಗ್ಗಿಸಿರುವುದರಿಂದ ಮಾತಿನ ಅಕ್ಷರ ಸಣ್ಣದಾಗಿದೆ. ಓದುವ ಕನ್ನಡಕ ಬಂದಿರುವವರಿಗೆ ಮಾಮೂಲಿ ಗಾತ್ರವೇ ವಾಸಿ.

ಇನ್ನು ಆ ಒಂದು ಸಾಲಿನ ವಿಷಯ. ಸಂಕಲನದ ಒಳಪುಟದಲ್ಲೋ ಹಿಂಬದಿಯಲ್ಲೋ, ಇದರಲ್ಲಿ ಯಾವ ಸರಣಿಯ ಎಷ್ಟನೇ ಸಂಚಿಕೆಯಿಂದ ಎಷ್ಟರವರೆಗೆ ಇದೆ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಪುಸ್ತಕ ಹೊಸಬರಿಗೆ ಆಗುತ್ತದೋ ಇಲ್ಲವೋ ಎಂಬುದು ಅರ್ಧ ಅಲ್ಲೇ ಗೊತ್ತಾಗುತ್ತದೆ. ಒಂದೇ ಸರಣಿಯ ಹೆಸರು, 1ರಿಂದ 6, ಎಂದಿದ್ದರೆ ನಿಶ್ಚಿಂತೆ. 19ರಿಂದ 24 ಎಂದಿದ್ದರೆ ನಡುವಿನಿಂದ ಶುರು ಎಂದರ್ಥ. ಮೂರು ನಾಲ್ಕು ಬೇರೆ ಬೇರೆ ಸರಣಿಗಳ ಹೆಸರು ಬೆರೆತಿದ್ದರೆ ಅದು ಕ್ರಾಸ್‌ಓವರ್ ಕಥೆ, ಅರ್ಧ ಪಾತ್ರಗಳ ಪೂರ್ವಕಥೆ ಬೇರೆಲ್ಲೋ ಇರುತ್ತದೆ. ನಡುವೆ ಒಂದು ಸಂಖ್ಯೆ ಬಿಟ್ಟುಹೋಗಿದ್ದರೆ ಗಾಬರಿ ಬೇಡ. ಎಡ್ ಬ್ರುಬೇಕರ್ ಮತ್ತು ಸ್ಟೀವ್ ಎಪ್ಟಿಂಗ್ ಅವರ 'ಕ್ಯಾಪ್ಟನ್ ಅಮೆರಿಕ: ವಿಂಟರ್ ಸೋಲ್ಜರ್' ಸಂಕಲನದಲ್ಲಿ 1ರಿಂದ 9, ಆಮೇಲೆ 11ರಿಂದ 14 ಇದೆ. ಹತ್ತನೆಯದು ಆಗ ನಡೆಯುತ್ತಿದ್ದ ಬೇರೊಂದು ದೊಡ್ಡ ಕಥೆಗೆ ಜೋಡಿಸಿದ ಸಂಚಿಕೆಯಾದ್ದರಿಂದ ಅದನ್ನು ಸೇರಿಸಿಲ್ಲ. ಓದುವವರಿಗೆ ನಷ್ಟವೇನೂ ಇಲ್ಲ.

ಪುಸ್ತಕದ ಬೆನ್ನಿನ ಮೇಲಿನ "ಸಂಪುಟ 1" ಎಂಬುದನ್ನು ಮಾತ್ರ ನಂಬಿಕೊಂಡು ಹೋಗಬೇಡಿ. 'ಅಮೇಜಿಂಗ್ ಸ್ಪೈಡರ್‌ಮ್ಯಾನ್' ಸರಣಿಯ ಮೊದಲ ಸಂಚಿಕೆ 1963ರಲ್ಲಿ ಬಂತು, 1999ರಲ್ಲಿ ಮತ್ತೆ ಒಂದರಿಂದ ಎಣಿಕೆ ಶುರುವಾಯಿತು, ಆಮೇಲೆ 2014, 2015, 2018, 2022ರಲ್ಲೂ. ಅಷ್ಟೂ "ಮೊದಲ ಸಂಪುಟ"ಗಳು ಮಾರುಕಟ್ಟೆಯಲ್ಲಿ ಒಟ್ಟಿಗೇ ಇರುತ್ತವೆ. ಹಾಗಾಗಿ ಶಿಫಾರಸು ಮಾಡುವಾಗ ಹೀರೋ ಹೆಸರು, ಬರೆದವರ ಹೆಸರು, ಶುರುವಾದ ವರ್ಷ, ಈ ಮೂರನ್ನೂ ಬರೆದು ಕೊಡಿ. ಬರೀ ಬಾಯಲ್ಲಿ ಹೇಳಿದರೆ ತಪ್ಪು ಪುಸ್ತಕ ಬರುವುದು ಹೆಚ್ಚುಕಡಿಮೆ ಖಾತ್ರಿ.

ಚಿತ್ರ ಬಿಡಿಸಿದವರ ಹೆಸರುಗಳನ್ನೂ ಎಣಿಸಿ. ಆರು ಸಂಚಿಕೆಯ ಪುಸ್ತಕದಲ್ಲಿ ನಾಲ್ಕು ಜನ ಕಲಾವಿದರಿದ್ದರೆ ಒಂದೇ ಪಾತ್ರದ ಮುಖ ನಾಲ್ಕು ಥರ ಕಾಣುತ್ತದೆ. ಹಳಬರು ಉಡುಪು ನೋಡಿ ಗುರುತು ಹಿಡಿಯುತ್ತಾರೆ, ಹೊಸಬರಿಗೆ ಅದು ಹೊಸ ಪಾತ್ರ.

ಹೆಜ್ಜೆ 3: ಯಾರಿಗೆ ಯಾವುದು

ಪತ್ತೇದಾರಿ, ಪೊಲೀಸ್, ಭ್ರಷ್ಟ ನಗರದ ಕಥೆ ಇಷ್ಟಪಡುವವರಿಗೆ 'ಬ್ಯಾಟ್‌ಮ್ಯಾನ್: ಇಯರ್ ಒನ್'. ಫ್ರ್ಯಾಂಕ್ ಮಿಲ್ಲರ್ ಬರೆದು ಡೇವಿಡ್ ಮಝುಕೆಲ್ಲಿ ಚಿತ್ರ ಬಿಡಿಸಿದ ಇದು 1987ರಲ್ಲಿ ಬ್ಯಾಟ್‌ಮ್ಯಾನ್ ಸರಣಿಯ 404ರಿಂದ 407ನೇ ಸಂಚಿಕೆಗಳಾಗಿ ಬಂತು. ಮೇಲೆ ಹೇಳಿದ ನಿಯಮಕ್ಕೆ ಅಪವಾದ: ಸಂಖ್ಯೆ ನಾನೂರು ದಾಟಿದ್ದರೂ ಕಥೆ ಮೊದಲಿನಿಂದ ಶುರುವಾಗುತ್ತದೆ. ಒಂದೇ ಕೂತಿನಲ್ಲಿ ಮುಗಿಯುತ್ತದೆ. ನಿಜಕ್ಕೂ ಇದು ಪೊಲೀಸ್ ಅಧಿಕಾರಿ ಗಾರ್ಡನ್‌ನ ಕಥೆ, ಮುಖವಾಡ ಹಾಕಿದವನು ಅದರೊಳಗೆ ಬರುತ್ತಾನೆ. ಸೂಪರ್‌ಹೀರೋ ಎಂದರೆ ಮೂಗು ಮುರಿಯುವವರಿಗೂ ಇದು ದಕ್ಕುವುದು ಅದಕ್ಕೇ. ಇದು ಹಿಡಿಸಿದರೆ ಜೆಫ್ ಲೋಬ್ ಮತ್ತು ಟಿಮ್ ಸೇಲ್ ಅವರ 'ದ ಲಾಂಗ್ ಹ್ಯಾಲೋವೀನ್' (1996–97, 13 ಸಂಚಿಕೆ) ಕೊಡಿ. ಪ್ರತಿ ತಿಂಗಳು ಒಂದು ಹಬ್ಬ ಅಥವಾ ವಿಶೇಷ ದಿನ, ಆ ದಿನ ಒಂದು ಕೊಲೆ, ಕೊಂದವರು ಯಾರು ಎಂಬ ಹುಡುಕಾಟ.

ಅದೇ ಮಿಲ್ಲರ್‌ರ 'ದ ಡಾರ್ಕ್ ನೈಟ್ ರಿಟರ್ನ್ಸ್' (1986) ಇನ್ನೂ ಹೆಸರಾಂತದ್ದು, ಆದರೂ ಮೊದಲಿಗೆ ಬೇಡ. ಅಲ್ಲಿನ ಬ್ಯಾಟ್‌ಮ್ಯಾನ್‌ಗೆ 55 ವರ್ಷ, ಹತ್ತು ವರ್ಷದ ಹಿಂದೆಯೇ ಕೆಲಸ ಬಿಟ್ಟಿದ್ದಾನೆ. ಅವನು ಏನನ್ನು ಬಿಟ್ಟಿದ್ದ ಎಂದು ಗೊತ್ತಿರುವವರಿಗೆ ಮಾತ್ರ ಅವನು ಮರಳಿದಾಗ ರೋಮಾಂಚನ. ಜತೆಗೆ ಪುಟವನ್ನು ಹದಿನಾರು ಚೌಕಟ್ಟುಗಳ ಲೆಕ್ಕದಲ್ಲಿ ಕತ್ತರಿಸಿ, ನಡುನಡುವೆ ಟಿವಿ ಪರದೆಗಳನ್ನು ತುರುಕಿದ್ದಾರೆ. ಕಣ್ಣು ಪಳಗದಿದ್ದರೆ ಸುಸ್ತಾಗುತ್ತದೆ.

'ದ ಕಿಲ್ಲಿಂಗ್ ಜೋಕ್' (1988) ಬಗ್ಗೆಯೂ ಎಚ್ಚರ. ಐವತ್ತು ಪುಟವೂ ಇಲ್ಲ, ಎಲ್ಲರ ಬಾಯಲ್ಲೂ ಅದರ ಹೆಸರು ಇದೆ, ಹಾಗಾಗಿ ಸುಲಭಕ್ಕೆ ಕೈಗೆ ಸಿಗುತ್ತದೆ. ಅದರೊಳಗೆ ಒಬ್ಬ ಹೆಣ್ಣುಮಗಳ ಮೇಲೆ ನಡೆಯುವ ಕ್ರೌರ್ಯ ಬಹಳ ಜನರನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತದೆ. ಮಕ್ಕಳಿಗಂತೂ ಖಂಡಿತ ಕೊಡಬಾರದು.

"ಸೂಪರ್‌ಮ್ಯಾನ್ ಬೋರು, ಅವನಿಗೆ ಸೋಲೇ ಇಲ್ಲ" ಅನ್ನುವವರ ಕೈಗೆ 'ಆಲ್-ಸ್ಟಾರ್ ಸೂಪರ್‌ಮ್ಯಾನ್' ಇಡಿ. ಗ್ರಾಂಟ್ ಮಾರಿಸನ್ ಬರವಣಿಗೆ, ಫ್ರ್ಯಾಂಕ್ ಕ್ವೈಟ್ಲಿ ಚಿತ್ರ, 2005ರಿಂದ 2008ರವರೆಗೆ 12 ಸಂಚಿಕೆ. ಮೊದಲ ಪುಟವನ್ನು ಒಮ್ಮೆ ನೋಡಿ: ನಾಲ್ಕು ಚೌಕಟ್ಟು, ಇಂಗ್ಲಿಷಿನಲ್ಲಿ ಒಟ್ಟು ಎಂಟೇ ಪದ. ಸಾಯುತ್ತಿರುವ ಗ್ರಹ, ದಿಕ್ಕು ತೋಚದ ವಿಜ್ಞಾನಿಗಳು, ಕೊನೆಯ ಭರವಸೆ, ಒಳ್ಳೆಯ ಮನಸ್ಸಿನ ಗಂಡಹೆಂಡತಿ. ಸಿನಿಮಾಗಳು ಅರ್ಧ ಗಂಟೆ ತೆಗೆದುಕೊಂಡು ಹೇಳುವ ಹುಟ್ಟಿನ ಕಥೆ ಅಷ್ಟರಲ್ಲೇ ಮುಗಿದು, ಪುಟ ತಿರುಗಿಸಿದರೆ ಕಥೆ ಸೂರ್ಯನ ಬಳಿ ಇರುತ್ತದೆ. ಪೂರ್ವಕಥೆ ಏನೂ ಗೊತ್ತಿರಬೇಕಿಲ್ಲ ಎಂದು ಆ ಪುಟವೇ ಭರವಸೆ ಕೊಡುತ್ತದೆ. ಮುಂದೆ ಸೂಪರ್‌ಮ್ಯಾನ್‌ಗೆ ಸಾವು ಹತ್ತಿರವಾಗಿದೆ ಎಂದು ತಿಳಿಯುತ್ತದೆ, ಉಳಿದ ದಿನಗಳಲ್ಲಿ ಏನು ಮಾಡುತ್ತಾನೆ ಎಂಬುದೇ ಕಥೆ. ನಡುವಿನ ಒಂದೆರಡು ಅಧ್ಯಾಯ ವಿಚಿತ್ರವಾಗಿವೆ, ಅದನ್ನು ಮೊದಲೇ ಹೇಳಿಬಿಡಿ. ಆ ವಿಚಿತ್ರ ಬೇಡವೆಂದರೆ ಲೋಬ್–ಸೇಲ್ ಜೋಡಿಯ 'ಸೂಪರ್‌ಮ್ಯಾನ್ ಫಾರ್ ಆಲ್ ಸೀಸನ್ಸ್' (1998) ಇದೆ. ನಾಲ್ಕು ಋತು, ನಾಲ್ಕು ಅಧ್ಯಾಯ, ಪ್ರತಿಯೊಂದನ್ನೂ ಬೇರೆ ಬೇರೆ ಪಾತ್ರ ಹೇಳುತ್ತದೆ. ಮೊದಲ ಅಧ್ಯಾಯ ಹೇಳುವುದು ಸಾಕಿದ ಅಪ್ಪ. ನಿಧಾನದ ಪುಸ್ತಕ, ದೊಡ್ಡ ದೊಡ್ಡ ಚಿತ್ರ, ಮಾತು ಕಡಿಮೆ.

ಹನ್ನೆರಡರ ಆಸುಪಾಸಿನ ಮಕ್ಕಳಿಗೆ ಜೀನ್ ಲುಎನ್ ಯಾಂಗ್ ಬರೆದು ಗುರಿಹಿರು ಜೋಡಿ ಚಿತ್ರ ಬಿಡಿಸಿದ 'ಸೂಪರ್‌ಮ್ಯಾನ್ ಸ್ಮ್ಯಾಷಸ್ ದ ಕ್ಲಾನ್' ಚೆನ್ನಾಗಿ ಒದಗುತ್ತದೆ. 1946ರ ರೇಡಿಯೋ ಧಾರಾವಾಹಿಯೊಂದರ ಎಳೆ ಹಿಡಿದು ಬರೆದದ್ದು. ಹೊಸ ಬಡಾವಣೆಗೆ ಬಂದ ಚೀನೀ ಮೂಲದ ಕುಟುಂಬ, ಅವರನ್ನು ಓಡಿಸಲು ನಿಂತ ಮುಸುಕುಧಾರಿಗಳು. ಮಕ್ಕಳಿಗೂ ಅರ್ಥವಾಗುತ್ತದೆ, ದೊಡ್ಡವರಿಗೂ ಸಪ್ಪೆಯಾಗುವುದಿಲ್ಲ.

ಕಾಲೇಜು ವಯಸ್ಸಿನವರಿಗೆ, ಮನೆ–ಸ್ನೇಹಿತರು–ಜಗಳದ ಕಥೆ ಬೇಕೆನ್ನುವವರಿಗೆ 'ಮಿಸ್ ಮಾರ್ವೆಲ್: ನೋ ನಾರ್ಮಲ್'. ಜಿ. ವಿಲೋ ವಿಲ್ಸನ್ ಮತ್ತು ಏಡ್ರಿಯನ್ ಅಲ್ಫೋನಾ 2014ರಲ್ಲಿ ಶುರುಮಾಡಿದ್ದು. ಈ ಸಂಪುಟಕ್ಕೆ 2015ರ ಹ್ಯೂಗೊ ಪ್ರಶಸ್ತಿ ಬಂತು. ಜರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಹದಿನಾರರ ಹುಡುಗಿ ಕಮಲಾ ಖಾನ್, ರಾತ್ರಿ ಪಾರ್ಟಿಗೆ ಹೋಗಬೇಡ ಅನ್ನುವ ಅಪ್ಪ ಅಮ್ಮ. ಇದರ ಮೊದಲ ಅಧ್ಯಾಯದಲ್ಲಿ ಊರಿಗೆಲ್ಲ ಒಂದು ಮಂಜು ಕವಿಯುತ್ತದೆ, ಅದರಿಂದ ಅವಳಿಗೆ ಶಕ್ತಿ ಬರುತ್ತದೆ. ಆ ಮಂಜು ಎಲ್ಲಿಂದ ಬಂತು ಎಂಬುದು ಬೇರೊಂದು ಸರಣಿಯ ಕಥೆ. ಓದುವವರು ಅಲ್ಲಿ ತಡವರಿಸಿ "ನಾನು ಏನೋ ಓದದೆ ಬಿಟ್ಟಿದ್ದೇನೆ" ಎಂದು ಇಂಟರ್‌ನೆಟ್ಟಿನಲ್ಲಿ ಹುಡುಕಲು ಹೊರಟರೆ ಕೆಟ್ಟಿತು, ಹತ್ತು ಹೊಸ ಹೆಸರು ತಲೆಗೆ ಸುತ್ತಿಕೊಳ್ಳುತ್ತವೆ. "ಮಂಜು ಬಂತು, ಶಕ್ತಿ ಬಂತು, ಅಷ್ಟೇ" ಎಂದು ಕೊಡುವಾಗಲೇ ಹೇಳಿ.

ಗಂಭೀರ ಕಾದಂಬರಿ ಓದುವವರಿಗೆ 'ದ ವಿಷನ್' (2015–16). ಟಾಮ್ ಕಿಂಗ್ ಬರೆದು, ಗೇಬ್ರಿಯಲ್ ಹೆರ್ನಾಂಡೆಸ್ ವಾಲ್ಟಾ ಚಿತ್ರ ಬಿಡಿಸಿದ 12 ಸಂಚಿಕೆ. ಒಬ್ಬ ಯಂತ್ರಮಾನವ ತನಗೊಂದು ಸಂಸಾರ ಕಟ್ಟಿಕೊಂಡು, ಹೆಂಡತಿ ಮಕ್ಕಳೊಂದಿಗೆ ನಗರದ ಹೊರವಲಯದ ಸಾಮಾನ್ಯ ಬಡಾವಣೆಯಲ್ಲಿ ಮನೆ ಮಾಡುತ್ತಾನೆ. ಹೊಡೆದಾಟ ಕಮ್ಮಿ, ಹೆದರಿಕೆ ಜಾಸ್ತಿ. ಇದು ಎರಡು ತೆಳು ಸಂಪುಟಗಳಾಗಿಯೂ, ಒಟ್ಟಿಗೆ ಒಂದಾಗಿಯೂ ಸಿಗುತ್ತದೆ. ಒಟ್ಟಿಗಿರುವುದನ್ನೇ ಕೊಡಿ. ಮೊದಲ ಸಂಪುಟವೊಂದನ್ನೇ ಓದಿದವರು ಕಥೆಯ ನಡುಮಧ್ಯೆ ಸಿಕ್ಕಿಕೊಳ್ಳುತ್ತಾರೆ.

ಸಿನಿಮಾ ನೋಡಿ ಬಂದವರದೇ ಬೇರೆ ಸಮಸ್ಯೆ. ತಾವು ನೋಡಿದ ಕಥೆಯ ಪುಸ್ತಕ ಬೇಕು ಎಂದು ಕೇಳುತ್ತಾರೆ, ಹಾಗೆ ತದ್ರೂಪು ಇರುವುದು ಇಲ್ಲವೆಂದೇ ಹೇಳಬಹುದು. 2016ರ 'ಸಿವಿಲ್ ವಾರ್' ಸಿನಿಮಾ ಮೆಚ್ಚಿ, 2006–07ರ ಅದೇ ಹೆಸರಿನ ಕಾಮಿಕ್ಸ್ ತಂದವರಿಗೆ ಅಪರಿಚಿತರ ಜಾತ್ರೆಯೇ ಎದುರಾಗುತ್ತದೆ. ಇಂಥವರಿಗೆ ಮೇಲೆ ಹೇಳಿದ 'ವಿಂಟರ್ ಸೋಲ್ಜರ್' (2005) ಒಳ್ಳೆಯ ಸೇತುವೆ. ಅದೇ ಹೆಸರಿನ ಸಿನಿಮಾದ ಮೂಲ ಎಳೆ ಅಲ್ಲಿದೆ, ಗೂಢಚಾರ ಕಥೆಯ ಬಿಗಿಯೂ ಇದೆ. ಥಾರ್ ಇಷ್ಟಪಟ್ಟವರಿಗೆ ಜೇಸನ್ ಆರನ್, ಎಸಾದ್ ರಿಬಿಚ್ ಅವರ 'ಥಾರ್: ಗಾಡ್ ಆಫ್ ಥಂಡರ್' (2012) ಮೊದಲ ಹನ್ನೊಂದು ಸಂಚಿಕೆ. ಹರೆಯದ ಥಾರ್, ಈಗಿನ ಥಾರ್, ಮುದಿ ರಾಜ ಥಾರ್, ಮೂವರೂ ಒಬ್ಬನೇ ಶತ್ರುವನ್ನು ಎದುರಿಸುತ್ತಾರೆ. ಐದನೇ ಸಂಚಿಕೆಗೆ ನಿಲ್ಲುವ ಸಂಪುಟವೊಂದಿದೆ, ಅದು ಅರ್ಧ ಕಥೆ.

ಸ್ಪೈಡರ್‌ಮ್ಯಾನ್‌ಗೆ ಎರಡು ಬಾಗಿಲು, ವಯಸ್ಸು ನೋಡಿ ತೆರೆಯಬೇಕು. ಹದಿಹರೆಯದವರಿಗೆ ಬ್ರಯಾನ್ ಮೈಕಲ್ ಬೆಂಡಿಸ್, ಮಾರ್ಕ್ ಬ್ಯಾಗ್ಲಿ ಅವರ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್' (2000). 1962ರ ಮೂಲ ಕಥೆ 11 ಪುಟದಲ್ಲಿ ಹೇಳಿ ಮುಗಿಸಿದ್ದನ್ನು ಇದು ಏಳು ಸಂಚಿಕೆಯುದ್ದಕ್ಕೆ ನಿಧಾನವಾಗಿ, ಶಾಲೆ ಮನೆಗಳ ನಡುವೆ ಹೇಳುತ್ತದೆ. ಮೂವತ್ತು ದಾಟಿದವರಿಗೆ ಅದೇ ಹೆಸರಿನ 2024ರ ಸರಣಿ, ಜಾನತನ್ ಹಿಕ್ಮನ್ ಬರೆದದ್ದು. ಅಲ್ಲಿ ಪೀಟರ್‌ಗೆ, ಅಂದರೆ ಸ್ಪೈಡರ್‌ಮ್ಯಾನ್ ಆಗುವವನಿಗೆ, ಶಕ್ತಿ ಬರುವಷ್ಟರಲ್ಲಿ ಮದುವೆಯಾಗಿ ಇಬ್ಬರು ಮಕ್ಕಳಿದ್ದಾರೆ. ಹೆಸರು ಒಂದೇ ಆದ್ದರಿಂದ ವರ್ಷ ಬರೆದು ಕೊಡುವುದನ್ನು ಮರೆಯಬೇಡಿ.

ಅನಿಮೇಷನ್ ನೋಡಿ 'ಇನ್‌ವಿನ್ಸಿಬಲ್' ಕೇಳುವವರಿಗೆ ಅದನ್ನೇ ಕೊಡಬಹುದು. ರಾಬರ್ಟ್ ಕರ್ಕ್‌ಮನ್‌ರ ಈ ಸರಣಿ 2003ರಲ್ಲಿ ಶುರುವಾಗಿ 2018ರಲ್ಲಿ 144ನೇ ಸಂಚಿಕೆಗೆ ಮುಗಿಯಿತು. ಬೇರೆ ಯಾರ ಲೋಕದ ಹಂಗೂ ಇದಕ್ಕಿಲ್ಲ, ಮೊದಲೂ ಇದೆ ಕೊನೆಯೂ ಇದೆ. ಆರಂಭದ ಸಂಚಿಕೆಗಳ ತಿಳಿ ಬಣ್ಣ, ತಮಾಷೆ ನೋಡಿ ಮಕ್ಕಳದ್ದು ಎಂದುಕೊಳ್ಳಬೇಡಿ. ಮುಂದೆ ಮೈ ಜುಮ್ಮೆನ್ನುವಷ್ಟು ರಕ್ತಪಾತ ಇದೆ.

ಹೆಜ್ಜೆ 4: ಪುಟ ಓದುವುದನ್ನು ಹೇಳಿಕೊಡಿ

ಇದನ್ನು ಹೇಳಿಕೊಡಬೇಕು ಎಂದೇ ಹಳಬರಿಗೆ ಹೊಳೆಯುವುದಿಲ್ಲ. ಹೊಸಬರಲ್ಲಿ ಹೆಚ್ಚಿನವರು ಮಾತಿನ ಗುಳ್ಳೆಗಳನ್ನು ಮಾತ್ರ ಓದಿ ಚಿತ್ರಗಳ ಮೇಲೆ ಜಾರಿಹೋಗುತ್ತಾರೆ. ಇಪ್ಪತ್ತು ಪುಟ ಆದ ಮೇಲೆ "ಇವನು ಇಲ್ಲಿಗೆ ಹೇಗೆ ಬಂದ?" ಎಂಬ ಗೊಂದಲ. ಅವನು ಬಂದದ್ದು ಮಾತಿಲ್ಲದ ಎರಡು ಚೌಕಟ್ಟಿನಲ್ಲಿ ಇತ್ತು, ಇವರು ಅದನ್ನು ದಾಟಿಕೊಂಡು ಬಂದಿರುತ್ತಾರೆ. ಮಾತಿಲ್ಲದ ಚೌಕಟ್ಟಿನ ಮೇಲೆ ಕಣ್ಣು ಹೆಚ್ಚು ಹೊತ್ತು ನಿಲ್ಲಬೇಕು, ಕಡಿಮೆ ಹೊತ್ತಲ್ಲ.

ಕ್ರಮ ಸರಳ: ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ. ತೊಡಕು ಬರುವುದು ಚೌಕಟ್ಟುಗಳ ಎತ್ತರ ಬೇರೆ ಬೇರೆ ಆದಾಗ. ಎಡಗಡೆ ಒಂದು ಉದ್ದನೆಯ ಚೌಕಟ್ಟು, ಬಲಗಡೆ ಒಂದರ ಕೆಳಗೊಂದು ಎರಡು ಇದ್ದರೆ, ಮೊದಲು ಉದ್ದನೆಯದು, ಆಮೇಲೆ ಬಲದ ಮೇಲಿನದು, ಕೊನೆಗೆ ಕೆಳಗಿನದು. ಉದ್ದನೆಯದು ಬಲಗಡೆ ಇದ್ದರೆ ಎಡದ ಎರಡನ್ನೂ ಮೇಲಿನಿಂದ ಕೆಳಕ್ಕೆ ಮುಗಿಸಿ ಬಲಕ್ಕೆ ಬರಬೇಕು. ಒಂದು ಚೌಕಟ್ಟಿನಲ್ಲಿ ಹಲವು ಗುಳ್ಳೆಗಳಿದ್ದರೆ ಎತ್ತರದಲ್ಲಿರುವುದು ಮೊದಲು, ಸಮ ಎತ್ತರವಾದರೆ ಎಡದ್ದು ಮೊದಲು. ಎರಡು ಪುಟಕ್ಕೆ ಚಿತ್ರ ಹರಡಿದೆಯೋ ಎಂದು ನಡುಗೆರೆ ನೋಡಿದರೆ ತಿಳಿಯುತ್ತದೆ. ಹಾಗೆ ಹರಡಿದ್ದರೆ ಮೇಲಿನ ಸಾಲನ್ನು ಎರಡೂ ಪುಟದ ಉದ್ದಕ್ಕೆ ಓದಿ ಕೆಳಗಿಳಿಯಬೇಕು. ಜಪಾನಿನ ಕಾಮಿಕ್ಸ್ ಆದ ಮಂಗಾ ಇದಕ್ಕೆ ಉಲ್ಟಾ. 'ಮೈ ಹೀರೋ ಅಕಾಡೆಮಿಯ' ಕೊಡುವುದಾದರೆ ಬಲದಿಂದ ಎಡಕ್ಕೆ ಎಂದು ಹೇಳಿಯೇ ಕೊಡಿ.

ಚೌಕಾಕಾರದ ಪೆಟ್ಟಿಗೆಯಲ್ಲಿ ಬರುವ ಮಾತು ಪಾತ್ರದ ಮನಸ್ಸಿನೊಳಗಿನದು ಅಥವಾ ನಿರೂಪಕರದು. ಈಗಿನ ಪುಸ್ತಕಗಳಲ್ಲಿ ಪೆಟ್ಟಿಗೆಯ ಬಣ್ಣ ನೋಡಿ ಯಾರ ಮಾತು ಎಂದು ತಿಳಿಯಬೇಕು. 'ಇಯರ್ ಒನ್'ನಲ್ಲಿ ಇಬ್ಬರ ಮನದ ಮಾತಿಗೆ ಎರಡು ಬೇರೆ ಕೈಬರಹಗಳಿವೆ. ಅದನ್ನು ಗಮನಿಸದಿದ್ದರೆ ಗಾರ್ಡನ್ ಮಾತು ಬ್ರೂಸ್ (ಬ್ಯಾಟ್‌ಮ್ಯಾನ್‌ನ ನಿಜ ಹೆಸರು) ಬಾಯಿಗೆ ಹೋಗುತ್ತದೆ.

ಪರದೆಯ ಮೇಲೆ ಓದುವವರಿಗೆ ಇನ್ನೊಂದು ಮಾತು. ಅಮೆರಿಕದ ಕಾಮಿಕ್ಸ್ ಪುಟ ಸುಮಾರು 17 ಸೆಂಟಿಮೀಟರ್ ಅಗಲ, 26 ಸೆಂಟಿಮೀಟರ್ ಎತ್ತರ. ಹತ್ತಿಂಚಿನ ಟ್ಯಾಬ್ಲೆಟ್‌ನಲ್ಲಿ ಓದಲು ಅಡ್ಡಿಯಿಲ್ಲ. ಫೋನಿನಲ್ಲಾದರೆ ಒಂದೊಂದೇ ಚೌಕಟ್ಟು ದೊಡ್ಡದಾಗಿ ತೋರಿಸುವ ವ್ಯವಸ್ಥೆ ಬಳಸಬೇಕಾಗುತ್ತದೆ. ಕಥೆ ತಿಳಿಯುತ್ತದೆ, ಪುಟದ ಒಟ್ಟು ಜೋಡಣೆ ಕೈತಪ್ಪುತ್ತದೆ. ಸ್ಕಾಟ್ ಸ್ನೈಡರ್, ಗ್ರೆಗ್ ಕಪುಲ್ಲೊ ಅವರ 'ಕೋರ್ಟ್ ಆಫ್ ಔಲ್ಸ್'ನ ಐದನೇ ಅಧ್ಯಾಯದಲ್ಲಿ ಬ್ಯಾಟ್‌ಮ್ಯಾನ್ ಚಕ್ರವ್ಯೂಹದಲ್ಲಿ ಸಿಕ್ಕಿ ದಿಕ್ಕು ತಪ್ಪುತ್ತಾನೆ. ಅವನ ಜತೆ ಪುಟವೂ ಅಡ್ಡಡ್ಡ ತಿರುಗುತ್ತದೆ, ಆಮೇಲೆ ತಲೆಕೆಳಗಾಗುತ್ತದೆ. ಓದುವವರು ಪುಸ್ತಕವನ್ನೇ ತಿರುಗಿಸುತ್ತ ಹೋಗಬೇಕು. ಟ್ಯಾಬ್ಲೆಟ್‌ನಲ್ಲಿ ಪರದೆ ತಾನಾಗಿ ತಿರುಗುವ ಸೌಲಭ್ಯವನ್ನು ಬಂದ್ ಮಾಡದಿದ್ದರೆ, ತಿರುಗಿಸಿದಷ್ಟು ಸಲವೂ ಚಿತ್ರ ಮತ್ತೆ ಮೊದಲಿನಂತೆಯೇ ನಿಲ್ಲುತ್ತದೆ, ಪುಸ್ತಕವೇ ಕೆಟ್ಟಿದೆ ಅನಿಸುತ್ತದೆ.

ಹೆಜ್ಜೆ 5: ನಡುವೆ ಕೈಬಿಟ್ಟರೆ ಎಲ್ಲಿ ಬಿಟ್ಟರು ಎಂದು ಕೇಳಿ

"ಇಷ್ಟ ಆಗಲಿಲ್ಲ" ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ಎಷ್ಟನೇ ಪುಟದಲ್ಲಿ ನಿಂತರು ಎಂಬುದರಿಂದ ತಿಳಿಯುತ್ತದೆ. ಮೊದಲ ಇಪ್ಪತ್ತು ಪುಟದೊಳಗೆ ನಿಂತಿದ್ದರೆ ಕಥೆಯ ದೋಷ ಇರುವುದು ಅಪರೂಪ. ಚಿತ್ರದ ಶೈಲಿ ಒಗ್ಗಲಿಲ್ಲ, ಇಲ್ಲವೇ ಪುಟ ಓದುವುದೇ ಕಷ್ಟವಾಯಿತು. ಅಂಥವರಿಗೆ ಚೌಕಟ್ಟು ಕಡಿಮೆ ಇರುವ, ಮುಖಗಳು ಸ್ಪಷ್ಟವಾಗಿರುವ ಪುಸ್ತಕ ಕೊಡಿ. 'ಫಾರ್ ಆಲ್ ಸೀಸನ್ಸ್' ಇಲ್ಲಿ ಕೈ ಹಿಡಿಯುತ್ತದೆ. ಅರ್ಧಕ್ಕೆ ನಿಂತಿದ್ದರೆ ಪಾತ್ರಗಳು ಜಾಸ್ತಿಯಾಗಿ ಗುರುತು ಹತ್ತದೆ ಹೋಗಿರಬಹುದು. ಒಬ್ಬನೇ ನಾಯಕನ ಚಿಕ್ಕ ಕಥೆಗೆ ಇಳಿಯಿರಿ. ಪೂರ್ತಿ ಓದಿಯೂ ಮುಂದಿನದು ಕೇಳದಿದ್ದರೆ ರುಚಿ ಬೇರೆ. ಒಂದೇ ಹೀರೋನ ಇನ್ನೊಂದು ಪುಸ್ತಕ ಹಿಡಿಸಲು ಹೋಗಬೇಡಿ, ಇನ್ನೊಮ್ಮೆ ಹೆಜ್ಜೆ 1ಕ್ಕೆ ಬನ್ನಿ.

ಮೂರು ಪುಸ್ತಕ ಕೊಟ್ಟರೂ ಮುಖವಾಡ, ಮೇಲಂಗಿ ನೋಡಿದರೆ ನಗು ಬರುವವರಿದ್ದಾರೆ. ಅವರನ್ನು ಬಲವಂತ ಮಾಡದೆ ಸೂಪರ್‌ಹೀರೋ ಇಲ್ಲದ ಗ್ರಾಫಿಕ್ ಕಾದಂಬರಿಗಳತ್ತ ಕಳಿಸಿ. 1992ರಲ್ಲಿ ವಿಶೇಷ ಪುಲಿಟ್ಜರ್ ಪಡೆದ ಆರ್ಟ್ ಸ್ಪೀಗಲ್‌ಮನ್‌ರ 'ಮೌಸ್', ಮರ್ಜಾನ್ ಸತ್ರಾಪಿಯವರ 'ಪರ್ಸೆಪೊಲಿಸ್' ಎರಡೂ ಕಪ್ಪುಬಿಳುಪು, ಎರಡೂ ಬದುಕಿದ ಕಥೆಗಳು.

1960ರ ದಶಕದ ಮೂಲ ಸಂಚಿಕೆಗಳಿಂದಲೇ ಶುರು ಮಾಡುತ್ತೇನೆ ಎಂದು ಹಟ ಹಿಡಿಯುವವರೂ ಉಂಟು. ಇತಿಹಾಸದ ಆಸಕ್ತಿ ಇದ್ದರೆ ಒಳ್ಳೆಯದೇ. ಆದರೆ ಆ ಕಾಲದ ಪುಟದಲ್ಲಿ ಚಿತ್ರ ತೋರಿಸುವುದನ್ನೇ ಪೆಟ್ಟಿಗೆಯ ಬರಹ ಇನ್ನೊಮ್ಮೆ ಹೇಳುತ್ತದೆ, ಹೊಡೆಯುತ್ತಿರುವವನು ಹೊಡೆಯುತ್ತಿದ್ದೇನೆಂದು ತಾನೇ ಸಾರುತ್ತಾನೆ. ಈಗಿನ ಒಂದು ಸಂಚಿಕೆಗೆ ಕಾಲು ಗಂಟೆ ಹಿಡಿದರೆ ಅದಕ್ಕೆ ಎರಡರಷ್ಟು ಬೇಕಾಗಬಹುದು. ದಿನಕ್ಕೊಂದರಂತೆ ಓದಿದರೆ ಸೊಗಸು, ಒಟ್ಟಿಗೆ ಹತ್ತು ಓದಿದರೆ ತಲೆ ಚಿಟ್ಟುಹಿಡಿಯುತ್ತದೆ.

ಹೆಜ್ಜೆ 6: ಎರಡನೇ ಪುಸ್ತಕ

ಇಲ್ಲಿ ಹೀರೋನನ್ನು ಹಿಂಬಾಲಿಸದೆ ಬರೆದವರನ್ನು, ಚಿತ್ರ ಬಿಡಿಸಿದವರನ್ನು ಹಿಂಬಾಲಿಸಿ. 'ಇಯರ್ ಒನ್' ಮೆಚ್ಚಿದವರಿಗೆ ಇನ್ನೊಂದು ಬ್ಯಾಟ್‌ಮ್ಯಾನ್‌ಗಿಂತ ಅದೇ ಮಿಲ್ಲರ್–ಮಝುಕೆಲ್ಲಿ ಜೋಡಿಯ 'ಡೇರ್‌ಡೆವಿಲ್: ಬಾರ್ನ್ ಅಗೇನ್' (1986) ಹೆಚ್ಚು ಹತ್ತಿರ. 'ಆಲ್-ಸ್ಟಾರ್ ಸೂಪರ್‌ಮ್ಯಾನ್' ಹಿಡಿಸಿದವರಿಗೆ ಮಾರಿಸನ್–ಕ್ವೈಟ್ಲಿಯವರ 'ವಿ3', ಮೂರೇ ಸಂಚಿಕೆ, ಸೂಪರ್‌ಹೀರೋ ಇಲ್ಲವೇ ಇಲ್ಲ, ಪ್ರಾಣಿಪ್ರಿಯರಿಗಂತೂ ಎದೆ ಹಿಂಡುತ್ತದೆ. 'ದ ವಿಷನ್' ಆದ ಮೇಲೆ ಕಿಂಗ್ ಬರೆದ 'ಮಿಸ್ಟರ್ ಮಿರಾಕಲ್' (2017–18). ಅಲ್ಲಿ ಬಹುತೇಕ ಪುಟಗಳು ಒಂಬತ್ತು ಸಮ ಚೌಕಟ್ಟುಗಳಲ್ಲಿವೆ, ಆ ಜೋಡಣೆ ಒಗ್ಗಿದರೆ 'ವಾಚ್‌ಮೆನ್' ಓದಲು ಕಣ್ಣು ತಯಾರಾಯಿತು ಎಂದೇ ಲೆಕ್ಕ. 'ವಾಚ್‌ಮೆನ್' ಐದಾರನೆಯದಾಗಿ ಬರಲಿ. ಕೊನೆಯದೊಂದನ್ನು ಬಿಟ್ಟು ಪ್ರತಿ ಅಧ್ಯಾಯದ ತುದಿಗೆ ಇರುವ ಗದ್ಯ ಪುಟಗಳನ್ನು ಹಾರಿಸಬೇಡಿ ಎಂದು ಹೇಳಿ ಕೊಡಿ. ಕಥೆಯ ಕೊಂಡಿಗಳು ಅಲ್ಲಿವೆ.

ಪಳಗಿದ ಓದುಗರೂ ಸರಿಯಾಗಿ ಶಿಫಾರಸು ಮಾಡಲಾಗದ ಸರಣಿ ಎಂದರೆ ಎಕ್ಸ್-ಮೆನ್. ಕ್ರಿಸ್ ಕ್ಲೇರ್‌ಮಾಂಟ್ ಒಬ್ಬರೇ 1975ರಿಂದ 1991ರವರೆಗೆ ಬರೆದಿದ್ದಾರೆ, ಪಾತ್ರಗಳು ಬಂದು ಹೋಗಿ ಸತ್ತು ಮರಳುತ್ತಲೇ ಇರುತ್ತವೆ. ಒಂದೇ ಪುಸ್ತಕ ಕೊಡಬೇಕಾದರೆ ಅವರದೇ 'ಗಾಡ್ ಲವ್ಸ್, ಮ್ಯಾನ್ ಕಿಲ್ಸ್' (1982), ಚಿತ್ರ ಬ್ರೆಂಟ್ ಆಂಡರ್ಸನ್. ತನ್ನಷ್ಟಕ್ಕೆ ಮುಗಿಯುವ ಕಥೆ, ದ್ವೇಷ ಬಿತ್ತುವ ಧರ್ಮಬೋಧಕ ಖಳನಾಯಕ. ಆಮೇಲೆ 1980ರ 'ಡಾರ್ಕ್ ಫೀನಿಕ್ಸ್ ಸಾಗಾ'. 2019ರ 'ಹೌಸ್ ಆಫ್ ಎಕ್ಸ್ / ಪವರ್ಸ್ ಆಫ್ ಎಕ್ಸ್' ಎರಡು ಸರಣಿ ಹೆಣೆದ 12 ಸಂಚಿಕೆ. ಅದನ್ನು ಬೆರೆತ ಕ್ರಮದಲ್ಲೇ ಓದಬೇಕು, ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋದರೆ ಕಥೆ ಕೆಡುತ್ತದೆ. ಸಂಕಲನದಲ್ಲಿ ಸರಿಯಾದ ಕ್ರಮದಲ್ಲೇ ಜೋಡಿಸಿದ್ದಾರೆ.

ಇಷ್ಟರಲ್ಲಿ ಓದುಗರೇ "ಎಲ್ಲ ಹೀರೋಗಳೂ ಸೇರುವ ದೊಡ್ಡ ಕಥೆ ಬೇಕು" ಎಂದು ಕೇಳಲು ಶುರು ಮಾಡಿರುತ್ತಾರೆ. ಆಗ ಮಾರ್ವೆಲ್ ಪ್ರಕಾಶನದ 'ಮಾರ್ವೆಲ್ ಅನ್‌ಲಿಮಿಟೆಡ್' ಥರದ, ಚಂದಾ ಕಟ್ಟಿ ಪರದೆಯ ಮೇಲೆ ಓದುವ ಸೇವೆ ಉಪಯೋಗಕ್ಕೆ ಬರುತ್ತದೆ. ಹೊಸ ಸಂಚಿಕೆಗಳು ಅಲ್ಲಿಗೆ ಬರಲು ಸುಮಾರು ಮೂರು ತಿಂಗಳಾದರೂ ಹಳೆಯವು ರಾಶಿ ಇವೆ. ಡಿಸಿಯ ಇಂಥದೇ ಸೇವೆ ಎಲ್ಲ ದೇಶಗಳಲ್ಲೂ ಇಲ್ಲ. 'ಸಿವಿಲ್ ವಾರ್' ಓದುವುದಾದರೆ ಮುಖ್ಯ ಏಳು ಸಂಚಿಕೆ ಮಾತ್ರ ಮೊದಲು ಓದಲಿ, ಬೇರೆ ಸರಣಿಗಳ ಹತ್ತಾರು ಪೂರಕ ಸಂಚಿಕೆಗಳಲ್ಲಿ ಇಷ್ಟವಾದ ಪಾತ್ರದ್ದನ್ನು ಆಮೇಲೆ ಆರಿಸಿಕೊಳ್ಳಲಿ. 1985–86ರ 'ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ಥ್ಸ್' ಡಿಸಿ ಲೋಕದ ಹಳೆಯ ಕಥೆಗಳಲ್ಲಿ ಒಂದಕ್ಕೊಂದು ತಾಳೆಯಾಗದ ಲೆಕ್ಕಪತ್ರವನ್ನೆಲ್ಲ ಚುಕ್ತಾ ಮಾಡಲು ಬರೆದ 12 ಸಂಚಿಕೆ. ಜಾರ್ಜ್ ಪೆರೆಜ್ ಒಂದೊಂದು ಪುಟದಲ್ಲಿ ಡಜನ್‌ಗಟ್ಟಲೆ ಪಾತ್ರ ತುಂಬಿದ್ದಾರೆ. ಡಿಸಿಯ ಇಪ್ಪತ್ತು ಸಂಕಲನವಾದರೂ ಓದಿದವರು ಕೇಳಿದರೆ ಮಾತ್ರ ಅದನ್ನು ಕೊಡಿ, ಅದೂ ದೊಡ್ಡ ಗಾತ್ರದ ಮುದ್ರಣವನ್ನೇ.